ಹೊಟ್ಟೆ ಸುಮ್ಮನಿದ್ದ ದಿನ

ನಾವು ಗಲ್ಫಿಗೆ ಬಂದದ್ದು ಹೊಟ್ಟೆಪಾಡಿಗೆ. ಆ ಹೊಟ್ಟೆಯೇ ಕೈಕೊಟ್ಟರೆ ಏನು ಮಾಡಬೇಕು ಅಂತ ಬರುವಾಗ ಯಾರೂ ಹೇಳಿಕೊಟ್ಟಿರಲಿಲ್ಲ. ದುಬೈನ ದೇರಾದಲ್ಲಿ ನಮ್ಮ ರೂಮಿನಲ್ಲಿ ಆರು ಜನ ಇದ್ದೇವೆ. ಅದರಲ್ಲಿ ಮೂವರಿಗೆ ಹೊಟ್ಟೆಯದೇ ಕಾಯಿಲೆ, ಮೂವರದೂ ಬೇರೆ ಬೇರೆ. ಬಾಗಲಕೋಟೆಯವರಿಗೆ ಅಲ್ಸರೇಟಿವ್ ಕೊಲೈಟಿಸ್. ತುಮಕೂರಿನವರಿಗೆ ಆಸಿಡ್ ಗಂಟಲಿನವರೆಗೆ ಏರಿ ಬರುವ ತೊಂದರೆ. ಕುಂದಾಪುರದವರಿಗೆ ಐಬಿಎಸ್. ಉಳಿದ ಮೂವರು ನಮ್ಮನ್ನು ನೋಡಿ, "ಇದು ರೂಮಲ್ಲ ಮಾರಾಯ್ರೆ, ವಾರ್ಡು" ಎನ್ನುತ್ತಾರೆ.

ಇದನ್ನು ಪತ್ರಿಕೆಗೆ ಬರೆಯುವುದೋ ಬೇಡವೋ ಅಂತ ಮೂವರೂ ಕೂತು ಮಾತಾಡಿದೆವು. ಶುಗರ್, ಬಿಪಿ ಇದ್ದವರು ಅದನ್ನು ಎಲ್ಲರ ಎದುರಿಗೂ ಹೇಳಿಕೊಳ್ಳುತ್ತಾರೆ. ದಿನಕ್ಕೆ ಎಷ್ಟು ಸಲ ಟಾಯ್ಲೆಟ್ಟಿಗೆ ಓಡುತ್ತೇವೆ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಹೇಳದೆ ಇದ್ದುದರಿಂದಲೇ ಎಷ್ಟೋ ಜನ ಒಬ್ಬೊಬ್ಬರೇ ಅನುಭವಿಸುತ್ತಿದ್ದಾರೆ. ಹಾಗಾಗಿ ಬರೆಯೋಣ ಅಂತ ತೀರ್ಮಾನವಾಯಿತು.

ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆ ನಮಗೆ ಫೋನಿನಲ್ಲಿ ವಾರಕ್ಕೊಮ್ಮೆಯಾದರೂ ಬರುತ್ತದೆ. ಊರಿನವರ ಪ್ರೀತಿ ಅದು, ಬೇಸರವಿಲ್ಲ. ಆದರೆ ಎಲ್ಲ ಕಾಯಿಲೆಗೂ ಅದು ಹೊಂದುವುದಿಲ್ಲ. ಕೊಲೈಟಿಸ್‌ನಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ತಪ್ಪಿ ನಡೆದು ದೊಡ್ಡ ಕರುಳಿನ ಒಳಪದರದಲ್ಲಿ ಉರಿಯೂತ ಆಗುತ್ತದೆ, ಹುಣ್ಣಾಗುತ್ತದೆ, ರಕ್ತ ಹೋಗುತ್ತದೆ. ಕೆಲವು ತಿಂಗಳು ಸುಮ್ಮನಿದ್ದು ಮತ್ತೆ ಕೆರಳುತ್ತದೆ. ಸುಮ್ಮನಿದ್ದಾಗಲೂ ಮೆಸಲಮೈನ್ ಗುಳಿಗೆ ಬಿಡುವ ಹಾಗಿಲ್ಲ. ಐಬಿಎಸ್ ಇನ್ನೊಂದು ತರಹದ್ದು. ಸ್ಕೋಪ್ ಹಾಕಿ ನೋಡಿದರೆ ಕರುಳು ಚೆನ್ನಾಗಿಯೇ ಕಾಣುತ್ತದೆ, ಆದರೆ ನೋವು, ಉಬ್ಬರ, ಓಡಾಟ ಎಲ್ಲವೂ ನಿಜ. ರಿಪೋರ್ಟ್ ನಾರ್ಮಲ್ ಬಂದರೆ ಜನ "ಏನೂ ಇಲ್ವಲ್ಲ" ಎನ್ನುತ್ತಾರೆ. ಅದು ನೋವಿಗಿಂತ ಹೆಚ್ಚು ನೋವು.

ನಮ್ಮ ಮೊದಲ ಸಂತೋಷ ಬಾತ್‌ರೂಮಿನದು. ಆರು ಜನಕ್ಕೆ ಒಂದೇ ಬಾತ್‌ರೂಮ್, ಕಂಪನಿ ಗಾಡಿ ಬೆಳಿಗ್ಗೆ ಐದೂವರೆಗೆ. ನಾಲ್ಕೂವರೆಯಿಂದ ಐದೂಕಾಲರ ತನಕ ಆ ಬಾಗಿಲ ಮುಂದೆ ಬಕೆಟ್ ಹಿಡಿದು ಕ್ಯೂ. ಕೊಲೈಟಿಸ್ ಇದ್ದವನಿಗೆ ಕಾಯುವುದು ಎಂಬುದೇ ಇಲ್ಲ. ಎರಡು ವರ್ಷದ ಹಿಂದೆ ಆರೂ ಜನ ಸೇರಿ ಒಂದು ನಿಯಮ ಮಾಡಿಕೊಂಡೆವು. ಬಾಗಿಲನ್ನು ಎರಡು ಸಲ ತಟ್ಟಿದರೆ ಒಳಗಿದ್ದವರು ಮೈಮೇಲೆ ಸೋಪಿದ್ದರೂ ಟವೆಲ್ ಸುತ್ತಿಕೊಂಡು ಹೊರಗೆ ಬರಬೇಕು, ಯಾಕೆ ಅಂತ ಕೇಳಬಾರದು. ಇವತ್ತಿನವರೆಗೆ ಯಾರೂ ಕೇಳಿಲ್ಲ. ಸೋಪಿನ ನೊರೆಯಲ್ಲೇ ನಿಂತು ನಗುವ ಒಬ್ಬ ರೂಮ್‌ಮೇಟ್ ಇದ್ದರೆ ಅರ್ಧ ಕಾಯಿಲೆ ಕಡಿಮೆಯಾದ ಹಾಗೆ.

ಎರಡನೆಯದು ಮಂಚದ್ದು. ಆಸಿಡ್ ಏರುವವರು ತಲೆಯ ಕಡೆ ಮಂಚ ಎತ್ತರಿಸಬೇಕು, ಎಡ ಮಗ್ಗುಲಿಗೆ ಮಲಗಬೇಕು, ಊಟ ಆಗಿ ಎರಡು ಮೂರು ಗಂಟೆ ಮಲಗಬಾರದು ಎಂದು ಡಾಕ್ಟರು ಹೇಳಿದರು. ನಮ್ಮದು ಮೇಲೊಂದು ಕೆಳಗೊಂದು ಇರುವ ಕಬ್ಬಿಣದ ಮಂಚ. ತುಮಕೂರಿನವರು ಕೆಳಗೆ, ಕುಂದಾಪುರದವರು ಮೇಲೆ. ಸೈಟಿನಲ್ಲಿ ಉಳಿದ ಮರದ ತುಂಡು ಕೇಳಿ ತಂದು, ಅಲುಗಾಡದ ಹಾಗೆ ಕಾಲಿಗೆ ಗಟ್ಟಿಯಾಗಿ ಕೂರಿಸಿದೆವು. ಮರುದಿನ ಬೆಳಿಗ್ಗೆ ಮೇಲಿನಿಂದ ದನಿ ಬಂತು: "ನಂಗೆ ರಾತ್ರಿಯಿಡೀ ದೋಣಿಯಲ್ಲಿ ಮಲಗಿದ ಹಾಂಗೆ ಆಯ್ತ್." ಈಗ ಇಬ್ಬರಿಗೂ ಅಭ್ಯಾಸವಾಗಿದೆ. ಎದೆ ಉರಿಯದೆ ಬೆಳಗಾದರೆ ತುಮಕೂರಿನವರು ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಚುಕ್ಕಿ ಇಡುತ್ತಾರೆ. ಕಳೆದ ತಿಂಗಳು ಹತ್ತೊಂಬತ್ತು ಚುಕ್ಕಿ ಇದ್ದವು.

ಅಡುಗೆಯ ವಿಷಯದಲ್ಲಿ ದೊಡ್ಡ ಜಗಳ ಈರುಳ್ಳಿ ಬೆಳ್ಳುಳ್ಳಿಯದು. ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿರುವ ಮೊನಾಶ್ ವಿಶ್ವವಿದ್ಯಾಲಯದ ಸಂಶೋಧಕರು ಐಬಿಎಸ್ ಇದ್ದವರಿಗಾಗಿ ಒಂದು ಆಹಾರ ಕ್ರಮ ರೂಪಿಸಿದ್ದಾರೆ, ಫಾಡ್‌ಮ್ಯಾಪ್ ಎನ್ನುತ್ತಾರೆ. ಅದರ ಪ್ರಕಾರ ಈರುಳ್ಳಿ, ಬೆಳ್ಳುಳ್ಳಿ, ಗೋಧಿಯಲ್ಲಿರುವ ಒಂದು ಬಗೆಯ ಸಕ್ಕರೆ ಅಂಶ ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ದೊಡ್ಡ ಕರುಳಿಗೆ ಹೋಗಿ ಅಲ್ಲಿ ಹುದುಗಿ ಗ್ಯಾಸ್ ಆಗುತ್ತದೆ. ಈರುಳ್ಳಿ ಇಲ್ಲದ ಸಾರು ಹೇಗೆ ಮಾಡುವುದು ಅಂತ ರೂಮಿನಲ್ಲಿ ಕೋಲಾಹಲ. ಆಮೇಲೆ ಒಂದು ಉಪಾಯ ತಿಳಿಯಿತು. ಆ ಅಂಶ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಇಡೀ ಬೆಳ್ಳುಳ್ಳಿ ಎಸಳನ್ನು ಎಣ್ಣೆಯಲ್ಲಿ ಕೆಂಪಗೆ ಮಾಡಿ ಎತ್ತಿ ಬಿಸಾಕಿದರೆ ಪರಿಮಳ ಉಳಿಯುತ್ತದೆ, ಹೊಟ್ಟೆನೋವು ಉಳಿಯುವುದಿಲ್ಲ. ಆ ಒಗ್ಗರಣೆ ಬಿದ್ದ ದಿನ ಕುಂದಾಪುರದವರು ಮೂರು ಸಲ ಸಾರು ಹಾಕಿಸಿಕೊಂಡರು.

ಭಾನುವಾರ ಬೆಳಿಗ್ಗೆ ನಮ್ಮಲ್ಲಿ ಗಂಜಿ ಸರದಿ. ಒಂದು ವಾರ ಕುಚ್ಚಲಕ್ಕಿ ಗಂಜಿ, ಇನ್ನೊಂದು ವಾರ ರಾಗಿ ಅಂಬಲಿ, ಮೂರನೇ ವಾರ ಜೋಳದ ನುಚ್ಚು. ಯಾರ ಊರಿನ ಗಂಜಿ ಹೊಟ್ಟೆಗೆ ಹಗುರ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. "ನಿಮ್ಮ ಗಂಜ್ಯಾಗ ಬರೀ ನೀರ ಐತಲ್ರೀ" ಎಂದು ಬಾಗಲಕೋಟೆಯವರು ಛೇಡಿಸುತ್ತಾರೆ, ಛೇಡಿಸುತ್ತಲೇ ಬಟ್ಟಲು ಖಾಲಿ ಮಾಡುತ್ತಾರೆ. ಕಿಟಕಿಯ ಹತ್ತಿರ ಕತ್ತರಿಸಿದ ನೀರಿನ ಕ್ಯಾನಿನಲ್ಲಿ ದೊಡ್ಡಪತ್ರೆ ಬೆಳೆದಿದೆ. ಅದರ ನಾಲ್ಕೆಲೆಯ ತಂಬುಳಿ ಮಾಡಿದರೆ ಊರಿನ ಹಿತ್ತಿಲೇ ರೂಮಿಗೆ ಬಂದ ಹಾಗಾಗುತ್ತದೆ.

ಇಲ್ಲೊಂದು ಎಚ್ಚರಿಕೆಯ ಮಾತು. ಹೊಟ್ಟೆಗೆ ಒಳ್ಳೆಯದು ಅಂತ ಊರಿನಿಂದ ಗಸಗಸೆ ಕಟ್ಟಿ ಕೊಡುತ್ತಾರೆ. ಯುಎಇಯಲ್ಲಿ ಗಸಗಸೆ ನಿಷಿದ್ಧ. ಪಾಯಸಕ್ಕೂ ತರಬೇಡಿ, ಔಷಧಿಗೂ ತರಬೇಡಿ. ಟ್ರಮಡಾಲ್, ಕೊಡೀನ್ ಇರುವ ನೋವಿನ ಗುಳಿಗೆಗಳಿಗೂ ಮೊದಲೇ ಅನುಮತಿ ಬೇಕು. ಬೇರೆ ಗುಳಿಗೆ ತರುವಾಗಲೂ ಡಾಕ್ಟರ ಚೀಟಿ ಜೊತೆಗಿರಲಿ.

ಹೊರಗೆ ಹೋಗುವುದು ನಮ್ಮಂಥವರಿಗೆ ಸುಲಭವಲ್ಲ. ಊರು ನೋಡುವ ಮೊದಲು ಟಾಯ್ಲೆಟ್ ನೋಡಬೇಕು. ಯಾವ ಮೆಟ್ರೋ ಸ್ಟೇಷನ್, ಯಾವ ಮಾಲ್, ಯಾವ ಮಸೀದಿಯ ಪಕ್ಕ, ಯಾವ ಪೆಟ್ರೋಲ್ ಬಂಕ್ ಎಂಬ ನಕ್ಷೆ ಮೂವರ ತಲೆಯಲ್ಲೂ ಇದೆ. ಆ ನಕ್ಷೆ ಗಟ್ಟಿಯಾದ ಮೇಲೆ ಧೈರ್ಯ ಬಂತು. ಈಗ ಚಳಿಗಾಲದ ಸಂಜೆಗಳಲ್ಲಿ ಒಂದು ದಿರ್ಹಮ್ ಕೊಟ್ಟು ಅಬ್ರಾದಲ್ಲಿ ಕ್ರೀಕ್ ದಾಟಿ ಬರ್ ದುಬೈಗೆ ಹೋಗಿ ಬರುತ್ತೇವೆ. ಹೋಗಲು ಒಂದು, ಬರಲು ಒಂದು. ನೀರಿನ ಮೇಲಿನ ಗಾಳಿಗೆ ಹೊಟ್ಟೆಯ ನೆನಪೇ ಬರುವುದಿಲ್ಲ.

ರಾಸ್ ಅಲ್ ಖೋರ್‌ನಲ್ಲಿ ಚಳಿಗಾಲಕ್ಕೆ ರಾಜಹಂಸಗಳ ಹಿಂಡು ಸೇರುತ್ತದೆ, ನೋಡಲು ದುಡ್ಡು ಕೊಡಬೇಕಿಲ್ಲ. ಆ ಹಕ್ಕಿ ಕೊಕ್ಕನ್ನು ತಲೆಕೆಳಗು ಮಾಡಿ ಕೆಸರು ನೀರು ಸೋಸಿ ತಿನ್ನುತ್ತದೆ. ತುಮಕೂರಿನವರು ಬಹಳ ಹೊತ್ತು ನೋಡಿ, "ತಲೆಕೆಳಗಾಗಿ ತಿಂದ್ರೂ ಇದಕ್ಕೆ ಎದೆ ಉರಿಯಲ್ವಲ್ಲ ಸಾರ್" ಅಂದರು. ಹೊಟ್ಟೆ ಹಿಡಿದುಕೊಂಡು ನಕ್ಕೆವು. ನೋವಿಲ್ಲದೆ ಹೊಟ್ಟೆ ಹಿಡಿದುಕೊಳ್ಳುವುದು ನಮಗೆ ಅಪರೂಪ.

ಎಲ್ಲ ದಿನವೂ ಹೀಗಿರುವುದಿಲ್ಲ. ಕಳೆದ ಬೇಸಿಗೆಯಲ್ಲಿ ಬಾಗಲಕೋಟೆಯವರ ಕಾಯಿಲೆ ಕೆರಳಿತು. ಅವರದು ಎಸಿ ರಿಪೇರಿ ಕೆಲಸ, ಟೆರೇಸಿನ ಮೇಲೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರ ತನಕ ಬಿಸಿಲಿನ ಕೆಲಸ ನಿಲ್ಲುತ್ತದೆ, ಸರಿ. ಆದರೆ ಉಳಿದ ಹೊತ್ತಿನಲ್ಲಿ ಹತ್ತು ಮಹಡಿ ಇಳಿದು ಟಾಯ್ಲೆಟ್ ಹುಡುಕಬೇಕು. ದಿನಕ್ಕೆ ಹನ್ನೆರಡು ಸಲ, ಜೊತೆಗೆ ರಕ್ತ. ಕಾಯಿಲೆ ಗೊತ್ತಾದರೆ ವೀಸಾ ರಿನ್ಯೂ ಮಾಡುವುದಿಲ್ಲವೇನೋ ಎಂಬ ಭಯಕ್ಕೆ ಸೂಪರ್‌ವೈಸರಿಗೆ ಹೇಳಿರಲಿಲ್ಲ. ಊರಿನಲ್ಲಿ ತಂಗಿಯ ಮದುವೆ ಸಾಲ, ಮಗಳ ಕಾಲೇಜು. ಒಂದು ರಾತ್ರಿ "ಸಾಕ್ರೀ, ನಾ ಊರಿಗೆ ಹೊಕ್ಕೀನಿ" ಅಂತ ಸೂಟ್‌ಕೇಸ್ ಇಳಿಸಿದರು. ಬೇಡ ಅನ್ನುವ ಧೈರ್ಯ ನಮಗೂ ಇರಲಿಲ್ಲ. ಬೆಳಿಗ್ಗೆ ಮೊದಲು ಆಸ್ಪತ್ರೆಗೆ ಹೋಗೋಣ, ಆಮೇಲೆ ಟಿಕೆಟ್ ಅಂದೆವು.

ಡಾಕ್ಟರು ಸ್ಟೆರಾಯ್ಡ್ ಶುರು ಮಾಡಿ ರಜೆಗೆ ಚೀಟಿ ಬರೆದರು. ಇಲ್ಲಿನ ಕಾನೂನು ಓದಿ ನೋಡಿದೆವು. ಪ್ರೊಬೇಷನ್ ಮುಗಿದವರಿಗೆ ವರ್ಷಕ್ಕೆ 90 ದಿನದ ತನಕ ಕಾಯಿಲೆ ರಜೆ ಇದೆ: ಮೊದಲ 15 ದಿನ ಪೂರ್ತಿ ಸಂಬಳ, ಮುಂದಿನ 30 ದಿನ ಅರ್ಧ ಸಂಬಳ, ಉಳಿದದ್ದಕ್ಕೆ ಸಂಬಳವಿಲ್ಲ. ಮೂರು ಕೆಲಸದ ದಿನದೊಳಗೆ ಕಂಪನಿಗೆ ತಿಳಿಸಿ ವೈದ್ಯಕೀಯ ಚೀಟಿ ಕೊಡಬೇಕು. ಆ ಚೀಟಿ ಹಿಡಿದು ಅವರು ಸೂಪರ್‌ವೈಸರ ಎದುರು ನಿಂತಾಗ ನಾವಿಬ್ಬರೂ ಗೇಟಿನ ಹೊರಗೆ ಕಾಯುತ್ತಿದ್ದೆವು. ಸೂಪರ್‌ವೈಸರು ಓದಿ, ತನ್ನ ಅಣ್ಣನಿಗೂ ಇದೇ ಕಾಯಿಲೆ ಅಂದರಂತೆ. ಎಲ್ಲರಿಗೂ ಇಂಥವರು ಸಿಗುತ್ತಾರೆ ಅಂತ ನಾವು ಹೇಳುವುದಿಲ್ಲ. ಆದರೆ ಚೀಟಿ ಕೈಯಲ್ಲಿದ್ದರೆ ಮಾತಾಡಲು ಒಂದು ನೆಲೆ ಇರುತ್ತದೆ. ಈಗ ಅವರಿಗೆ ವರ್ಕ್‌ಶಾಪಿನೊಳಗಿನ ಕೆಲಸ. ಓವರ್‌ಟೈಮ್ ಇಲ್ಲ, ಊರಿಗೆ ಕಳಿಸುವ ದುಡ್ಡು ಕಡಿಮೆಯಾಗಿದೆ, ಸಾಲ ಮುಗಿಯಲು ಇನ್ನೂ ಹೆಚ್ಚು ಕಾಲ ಬೇಕು. ಸೂಟ್‌ಕೇಸ್ ಮಾತ್ರ ಅಟ್ಟಕ್ಕೆ ಹೋಗಿದೆ.

ನಮ್ಮ ಹಾಗೆ ಇರುವವರಿಗೆ ಎರಡು ಮಾತು. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ, ನುಂಗಲು ಕಷ್ಟ: ಇವುಗಳಲ್ಲಿ ಒಂದಿದ್ದರೂ ಗ್ಯಾಸ್ ಮಾತ್ರೆ ನುಂಗಿ ದಿನ ತಳ್ಳಬೇಡಿ, ಡಾಕ್ಟರಿಗೆ ತೋರಿಸಿ. ಬೇಸಿಗೆಯಲ್ಲಿ ಭೇದಿಯಾದರೆ ಒಆರ್‌ಎಸ್ ಕುಡಿಯಿರಿ. ಪ್ಯಾಕೆಟ್ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.

ಇನ್ನೊಂದು, ನಿಮ್ಮ ರೂಮಿನಲ್ಲಿ ಯಾರಾದರೂ ಊಟಕ್ಕೆ ಕರೆದಾಗಲೆಲ್ಲ ಬೇಡ ಅನ್ನುತ್ತಿದ್ದರೆ, ಪ್ರವಾಸಕ್ಕೆ ಪ್ರತಿ ಸಲ ನೆಪ ಹೇಳುತ್ತಿದ್ದರೆ, ಅದನ್ನು ಸೊಕ್ಕು ಅಂದುಕೊಳ್ಳಬೇಡಿ. ಒಂದು ಲೋಟ ಬಿಸಿ ಗಂಜಿ ಕೊಟ್ಟು, ಪಕ್ಕದಲ್ಲಿ ಕೂತು, "ಹೊಟ್ಟೆ ಹೇಗಿದೆ?" ಅಂತ ಕೇಳಿ. ಅವರು ಹೇಳತೊಡಗಿದರೆ ಪೂರ್ತಿ ಕೇಳಿಸಿಕೊಳ್ಳಿ, ಮನೆಮದ್ದು ಆಮೇಲೆ ಹೇಳಿದರಾಯಿತು.