ಗೊಣಗಿದ್ದಕ್ಕೆ ಹೋದ ಕೆಲಸ

ಸವಳಂಗದ ನಮ್ಮ ಚಿಕ್ಕಮ್ಮನ ಮಗ ಸಾಫ್ಟ್‌ವೇರ್ ಎಂಜಿನಿಯರ್ ಕೆಲಸಕ್ಕೆ ಕೊಟ್ಟ ಸಂದರ್ಶನ ಸುದ್ದಿಯಾಗಲಿಲ್ಲ. ಆಗುವಂಥದ್ದೂ ಅಲ್ಲ. ಹಳ್ಳಿಯಿಂದ ಸುದ್ದಿ ಕಳಿಸುವ ನಮ್ಮಂಥವರಿಗೆ ಇದು ಗೊತ್ತು. ದೊಡ್ಡ ಕಂಪನಿಯಲ್ಲಿ ಕೆಲಸ ಸಿಕ್ಕರೆ ಫೋಟೊ ಸಮೇತ ಎರಡು ಕಾಲಂ, ಸಿಗದಿದ್ದರೆ ‘ಇದರಲ್ಲಿ ಏನಿದೆ?’ ಎನ್ನುತ್ತಾರೆ ಡೆಸ್ಕಿನವರು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇವೆ. ಕಂಪನಿಯ ಹೆಸರು ಬೇಡ, ಹುಡುಗನದೂ ಬೇಡ.

ಶಿವಮೊಗ್ಗದವರಿಗೆ ಸವಳಂಗ ರಸ್ತೆ ಎಂದರೆ ಎಂಜಿನಿಯರಿಂಗ್ ಕಾಲೇಜು ನೆನಪಾಗುತ್ತದೆ. ಜೆಎನ್‌ಎನ್ ಕಾಲೇಜು ಇರುವುದು ಅದೇ ರಸ್ತೆಯ ನವುಲೆಯಲ್ಲಿ. ರಸ್ತೆಯ ಈ ತುದಿಯಲ್ಲಿರುವ ನಮಗೆ ನೆನಪಾಗುವುದು ಓದು ಮುಗಿಸಿ ಮನೆಯಲ್ಲಿ ಕೂತ ಹುಡುಗರು. ನಮ್ಮವನದೂ ಕಂಪ್ಯೂಟರ್ ಸೈನ್ಸ್ ಮುಗಿದು ಎರಡು ವರ್ಷವಾಗಿತ್ತು. ಓದಿಗೆ ತೆಗೆದ ಬ್ಯಾಂಕ್ ಸಾಲದ ಕಂತು ಶುರುವಾಗಿತ್ತು. ಆ ವರ್ಷದ ಮೆಕ್ಕೆಜೋಳ ರೇಟು ಬರಲಿ ಎಂದು ಮಾರದೆ ನಡುಮನೆಯಲ್ಲೇ ಚೀಲ ಒಟ್ಟಿದ್ದರು.

ಸಂದರ್ಶನ ವಿಡಿಯೊದಲ್ಲಿ, ಬೆಳಿಗ್ಗೆ 11ಕ್ಕೆ. ಚಿಕ್ಕಮ್ಮ ಅವತ್ತು ಮಿಕ್ಸಿ ಹಾಕಲಿಲ್ಲ. ನಾವೂ ಚಿಕ್ಕಪ್ಪನೂ ಜಗಲಿಯಲ್ಲಿ, ಚಿಕ್ಕಮ್ಮ ಹಿತ್ತಲಲ್ಲಿ. ಕರೆಂಟ್ ಹೋದರೆ ಇರಲಿ ಎಂದು ನಮ್ಮ ಮೊಬೈಲನ್ನೂ ಹಾಟ್‌ಸ್ಪಾಟ್ ಹಾಕಿ ಒಳಗಿಟ್ಟಿದ್ದೆವು. ಕರೆಂಟ್ ಹೋಗಲಿಲ್ಲ, ನೆಟ್‌ವರ್ಕೂ ಕೈಕೊಡಲಿಲ್ಲ. ನಾವು ಹೆದರಿದ್ದು ಯಾವುದೂ ಆಗಲಿಲ್ಲ.

ಕೇಳಿದ ಮೊದಲ ದೊಡ್ಡ ಪ್ರಶ್ನೆ ಇದು. ಸರಪಳಿಯಂತೆ ಒಂದಕ್ಕೊಂದು ಕೊಂಡಿ ಹಾಕಿಟ್ಟ ಮಾಹಿತಿ ಇದೆ. ಅದರ ಕೊನೆಯ ಕೊಂಡಿ ಹಿಂದಿನ ಯಾವುದಕ್ಕಾದರೂ ಸುತ್ತಿಕೊಂಡಿದೆಯೇ ಎಂದು ಪತ್ತೆ ಮಾಡುವುದು ಹೇಗೆ? ಇದರ ಉತ್ತರಕ್ಕೆ ಆಮೆ–ಮೊಲ ಎಂದೇ ಹೆಸರು. ಆಮೆ ಒಂದೊಂದು ಕೊಂಡಿ ದಾಟುತ್ತದೆ, ಮೊಲ ಎರಡೆರಡು. ಸುತ್ತು ಇಲ್ಲದಿದ್ದರೆ ಮೊಲ ಕೊನೆ ಮುಟ್ಟಿ ನಿಲ್ಲುತ್ತದೆ. ಇದ್ದರೆ ಸುತ್ತುತ್ತಾ ಬಂದು ಆಮೆಯನ್ನು ಸೇರಿಕೊಳ್ಳುತ್ತದೆ. ಕಣದಲ್ಲಿ ಎತ್ತು ತಿರುಗುವುದನ್ನು ಕಂಡವರಿಗೆ ಇದು ಬೇಗ ತಲೆಗೆ ಹೋಗುತ್ತದೆ.

ಹುಡುಗನಿಗೆ ಉತ್ತರ ಗೊತ್ತಿತ್ತು. ಕೋಡ್ ಬರೆಯುತ್ತಾ ಅಭ್ಯಾಸಬಲದಿಂದ ಮೆಲ್ಲಗೆ ಗೊಣಗಿಕೊಂಡ: ‘ಆಮೆ ಒಂದು, ಮೊಲ ಎರಡು... ಮೊಲ ಖಾಲಿ ಇದ್ರೆ ಹೊರಗೆ...’ ಅಲ್ಲಿಗೆ ಆ ಕಡೆಯವರು ತಡೆದರು. ನಿನ್ನ ಜೊತೆ ಯಾರಿದ್ದಾರೆ, ಯಾರು ಹೇಳಿಕೊಡುತ್ತಿದ್ದಾರೆ ಎಂದು ಕೇಳಿದರು. ಯಾರೂ ಇಲ್ಲ ಎಂದ. ಲ್ಯಾಪ್‌ಟಾಪ್ ತಿರುಗಿಸಿ ರೂಮು ತೋರಿಸು ಎಂದರು. ತೋರಿಸಿದ: ಜೋಳದ ಚೀಲ, ದೇವರ ಫೋಟೊ, ಕ್ಯಾಲೆಂಡರು. ಬಾಗಿಲು ಹಾಕು ಎಂದರು. ನಡುಮನೆಗೆ ಬಾಗಿಲೆಲ್ಲಿದೆ, ಅಡುಗೆಮನೆಗೂ ಅದಕ್ಕೂ ನಡುವೆ ಇರುವುದು ಒಂದು ಪರದೆ. ಪರದೆ ಎತ್ತಿ ಹಿಂದೆ ಯಾರೂ ಇಲ್ಲ ಎಂದು ತೋರಿಸಿದ. ಜಗಲಿಯಲ್ಲಿದ್ದ ನಮಗೆ ಅವನ ‘ನೋ ಸರ್, ನೋ ಸರ್’ ಅಷ್ಟೇ ಕೇಳುತ್ತಿತ್ತು. ಆಮೇಲೆ ತುಟಿ ಅಲುಗಾಡಿಸಬೇಡ, ಕಣ್ಣು ಪರದೆ ಮೇಲೇ ಇರಲಿ ಎಂದರಂತೆ. ಮುಂದಿನ ಎರಡು ಪ್ರಶ್ನೆಗೆ ಬಾಯೇ ಬರಲಿಲ್ಲ. ಒಂದು ಗಂಟೆ ಎಂದಿದ್ದದ್ದು ಅರ್ಧ ಗಂಟೆಯೊಳಗೆ ಮುಗಿಯಿತು.

‘ಕನ್ನಡದಾಗೆ ಯೋಚ್ನೆ ಮಾಡ್ತೀನಿ ಅಂತ ಹೆಂಗೆ ಹೇಳ್ಲಿ ಅಣ್ಣ? ಉತ್ರ ಇಂಗ್ಲಿಷಲ್ಲೇ ಕೊಟ್ಟಿದ್ದೆ’ ಎಂದ ಹೊರಗೆ ಬಂದು. ಚಿಕ್ಕಪ್ಪನಿಗೆ ಸಿಟ್ಟು, ‘ಹೇಳಿಕೊಡಾಕೆ ಇಲ್ಲಿ ಯಾರು ಅದಾರೆ? ನಂಗೆ ಫೋನ್ ಕಟ್ ಮಾಡಾಕೇ ಬರಲ್ಲ!’

ಎರಡು ದಿನಕ್ಕೆ ಮೇಲ್ ಬಂತು, ಮುಂದಿನ ಸುತ್ತಿಗೆ ಆಯ್ಕೆಯಾಗಿಲ್ಲ ಎಂದು. ಕಾರಣ ಬರೆದಿರಲಿಲ್ಲ. ತಿರುಗಿ ಉತ್ತರಿಸಲು ಬರುವ ವಿಳಾಸವೂ ಅದಲ್ಲ.

ಕೇಳಿದವರದ್ದು ಬರೀ ಅಹಂಕಾರ ಎಂದು ನಾವು ಬರೆಯುವುದಿಲ್ಲ. ಕೊರೊನಾ ನಂತರ ಸಂದರ್ಶನಗಳು ಆನ್‌ಲೈನಿಗೆ ಬಂದವು, ಆಮೇಲೆ ಉತ್ತರ ಹೇಳಿಕೊಡುವ ಎಐ ಬಂತು, ಕಳ್ಳತನವೂ ಹೆಚ್ಚಿತು. ಗೂಗಲ್ ಮುಖ್ಯಸ್ಥ ಸುಂದರ್ ಪಿಚೈ ಅವರೇ 2025ರಲ್ಲಿ ಕನಿಷ್ಠ ಒಂದು ಸುತ್ತು ಮುಖಾಮುಖಿ ಇರಲಿ ಎಂದರು. ನಮಗೂ ಅದೇ ಸರಿ ಅನ್ನಿಸುತ್ತದೆ. ಬಸ್ ಚಾರ್ಜು ಹೋದರೆ ಹೋಗಲಿ, ಎದುರಿಗೆ ಕೂತವರಿಗೆ ಗೊಣಗುತ್ತಿರುವುದು ಯಾರೆಂದು ಕಾಣುತ್ತದಲ್ಲ. ಬಾಗಿಲು ಹಾಕಿಕೊಳ್ಳುವ ರೂಮಿಲ್ಲದ ಮನೆಯವರನ್ನೆಲ್ಲ ಅನುಮಾನದಿಂದ ನೋಡುವುದಕ್ಕಿಂತ ಅದು ವಾಸಿ.

2024ರ ಜುಲೈನಲ್ಲಿ ಖಾಸಗಿ ಕಂಪನಿಗಳ ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70ರಷ್ಟನ್ನು ಸ್ಥಳೀಯರಿಗೆ ಕೊಡುವ ಮಸೂದೆಗೆ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿತ್ತು. ಸ್ಥಳೀಯ ಎನ್ನಿಸಿಕೊಳ್ಳಲು ಕನ್ನಡ ಮಾತಾಡಲು, ಓದಲು, ಬರೆಯಲು ಬರಬೇಕೆಂಬ ಷರತ್ತು ಅದರಲ್ಲಿತ್ತು. ಪ್ರತಿಕ್ರಿಯೆ ಕಳಿಸಿ ಎಂದು ಡೆಸ್ಕಿನಿಂದ ಫೋನ್ ಬಂದು, ನಾವು ಬಸ್ ಸ್ಟ್ಯಾಂಡಿನಲ್ಲಿ ನಾಲ್ಕು ಹುಡುಗರನ್ನು ಮಾತಾಡಿಸಿ ಕಳಿಸುವಷ್ಟರಲ್ಲಿ ಉದ್ಯಮದವರ ವಿರೋಧಕ್ಕೆ ಮಸೂದೆ ತಡೆಹಿಡಿಯಲಾಗಿತ್ತು. ನಮ್ಮ ವರದಿಯೂ ಅಲ್ಲೇ ಉಳಿಯಿತು. ಅವತ್ತು ಕನ್ನಡ ಬಂದರೆ ಕೆಲಸ ಎಂದಿದ್ದರು. ನಮ್ಮ ಹುಡುಗನ ಪಾಲಿಗೆ ಅದೇ ಕನ್ನಡ ಕಳ್ಳತನದ ಗುರುತಾಯಿತು.

ಅವನೀಗ ಆಮೆ–ಮೊಲವನ್ನು ಇಂಗ್ಲಿಷಿನಲ್ಲಿ ಗೊಣಗುವ ಅಭ್ಯಾಸ ಮಾಡುತ್ತಿದ್ದಾನೆ. ಚಿಕ್ಕಮ್ಮನಿಗೆ ಅದು ಕೇಳಿದರೆ ನಗು. ಮುಂದಿನ ಸಂದರ್ಶನ ಬುಧವಾರ, ಶಿವಮೊಗ್ಗದ ಗೆಳೆಯನ ರೂಮಿನಲ್ಲಿ. ಅದಕ್ಕೆ ಬಾಗಿಲಿದೆ.