ಹರವಿಯ ಮುಚ್ಚಳ

ಮೊನ್ನೆ ಸಂಜೆ ಮಿನ್ನೆಸೋಟಾದಿಂದ ಮೊಮ್ಮಗಳ ವಿಡಿಯೊ ಬಂತು. ಅಲ್ಲಿ ಆಗಷ್ಟೇ ಬೆಳಗು. ಹಿತ್ತಲ ತುಂಬ ಹಿಮ, ಮರದ ಗೂಡಿನಲ್ಲಿ ಒಂದು ಕಂದು ಮೊಲ. ಹುಡುಗಿ ಅದರ ನೀರಿನ ಬಟ್ಟಲನ್ನು ಬೋರಲು ಮಾಡಿ ಮೆಟ್ಟಿಲಿಗೆ ಕುಟ್ಟುತ್ತಾಳೆ. ದುಂಡನೆಯ ಮಂಜುಗಡ್ಡೆ ಟಪ್ಪೆಂದು ಬೀಳುತ್ತದೆ, ಥೇಟ್ ಬಿಳಿಜೋಳದ ರೊಟ್ಟಿ. ಹಿಂದಿನಿಂದ ಮಗಳ ದನಿ: ‘ಅಪ್ಪಾ, ದಿನಾ ಎರಡ ಸಲ ಇದ ಕೆಲಸ ನೋಡ್ರಿ. ನೀವೂ ಸಣ್ಣವರಿದ್ದಾಗ ಮೊಲಾ ಸಾಕಿದ್ರಂತಲ್ಲ, ಥಂಡ್ಯಾಗ ಏನ ಮಾಡ್ತಿದ್ರಿ?’

ಏನು ಮಾಡುತ್ತಿದ್ದೆವು? ಧಾರವಾಡದಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ. ಹೆಪ್ಪುಗಟ್ಟಬೇಕಾದರೆ ಮೊದಲು ನೀರು ಇರಬೇಕಲ್ಲ! ನಮ್ಮ ಕಡೆ ನೀರು ಬಂತು ಅನ್ನುವುದಿಲ್ಲ, ‘ನಳಾ ಬಂತು’ ಅನ್ನುತ್ತೇವೆ, ಬೀಗರು ಬಂದಂತೆ. ಬೀಗರ ಹಾಗೆಯೇ ಹೊತ್ತಲ್ಲದ ಹೊತ್ತಿಗೆ ಬಂದು, ಇಡೀ ಮನೆಯನ್ನು ಎಬ್ಬಿಸಿ, ಚಹಾ ಕುದಿಯುವುದರೊಳಗೆ ಹೋಗಿಬಿಡುತ್ತಿತ್ತು. ನಾನಾಗ ಏಳನೇ ಇಯತ್ತೆ. ನವಿಲುತೀರ್ಥದ ಅಣೆಕಟ್ಟು 1972ರ ಹೊತ್ತಿಗೆ ಎದ್ದು ನಿಂತಿದ್ದರೂ ಮಲಪ್ರಭೆ ಇನ್ನೂ ನಮ್ಮ ನಳಕ್ಕೆ ಇಳಿದಿರಲಿಲ್ಲ. ಹೊಸಯಲ್ಲಾಪುರದ ನಮ್ಮ ಮನೆಯಲ್ಲಿ ಹೌದದ ನೀರನ್ನು ಅವ್ವ ತಂಬಿಗೆಯ ಲೆಕ್ಕದಲ್ಲಿ ಖರ್ಚು ಮಾಡುತ್ತಿದ್ದಳು. ಅಂಥ ಮನೆಗೆ ಅಣ್ಣ ಒಂದು ದಿನ ಹುಬ್ಬಳ್ಳಿಯಿಂದ ಬುಟ್ಟಿಯಲ್ಲಿ ಎರಡು ಬಿಳಿ ಮೊಲ ಇಟ್ಟುಕೊಂಡು ಬಸ್ಸಿನಿಂದ ಇಳಿದ.

ಓಣಿಯ ಹಿರಿಯರೆಲ್ಲ ಒಂದೇ ಮಾತು ಹೇಳಿದರು: ‘ಮೊಲಕ್ಕ ಯಾಕಲೇ ನೀರು? ಹುಲ್ಲಿನಾಗಿಂದ ಸಾಕಾಗತೈತಿ.’ ಅವರನ್ನು ದೂರಿ ಉಪಯೋಗವಿಲ್ಲ. ಇಂಗ್ಲೆಂಡಿನಲ್ಲೂ ಬಹಳ ಕಾಲ ಮೊಲ ಸಾಕುವವರು ಹಸಿಸೊಪ್ಪೇ ಸಾಕು, ನೀರು ಕೊಟ್ಟರೆ ಕೇಡು ಎಂದು ನಂಬಿದ್ದರು. ನಮ್ಮ ಪಂಚತಂತ್ರದ್ದೂ ಅದೇ ಕಥೆ. ಒಂದು ಮೊಲ ಸಿಂಹವನ್ನು ಬಾವಿಯ ತನಕ ಕರೆದುಕೊಂಡು ಹೋಗುತ್ತದೆ, ಇನ್ನೊಂದು ಆನೆಗಳ ಹಿಂಡಿಗೆ ಚಂದ್ರನ ಕೆರೆ ತೋರಿಸಿ ಹೆದರಿಸುತ್ತದೆ. ಎರಡೂ ನೀರಿನ ದಂಡೆಯಲ್ಲೇ ನಿಂತು ಇಷ್ಟೆಲ್ಲ ಕಾರಭಾರ ಮಾಡುತ್ತವೆ, ಒಂದೂ ಒಂದು ಗುಟುಕು ಕುಡಿಯುವುದಿಲ್ಲ. ಪಂಚತಂತ್ರವನ್ನು ಕನ್ನಡಕ್ಕೆ ತಂದ ದುರ್ಗಸಿಂಹ ನಮ್ಮ ರೋಣದ ಕಡೆಯವನು, ಸಾವಿರ ವರ್ಷದ ಹಿಂದೆ ಚಾಲುಕ್ಯ ಜಯಸಿಂಹನಲ್ಲಿ ಸಂಧಿವಿಗ್ರಹಿಯಾಗಿದ್ದವನು. ಆ ಸೀಮೆಯಲ್ಲಿ ಹುಟ್ಟಿದವನಿಗೆ ನೀರಿನ ಬೆಲೆ ಗೊತ್ತಿರಲಿಲ್ಲ ಎನ್ನಲಾರೆ.

ನಿಜ ಏನೆಂದರೆ ಮೊಲ ಸಿಕ್ಕಾಪಟ್ಟೆ ಕುಡಿಯುತ್ತದೆ. ತೂಕದ ಕಿಲೋ ಒಂದಕ್ಕೆ ದಿನಕ್ಕೆ ಸುಮಾರು 50ರಿಂದ 150 ಮಿಲಿಲೀಟರ್. ಒಣ ಮೇವಿನ ಕಾಲದಲ್ಲಿ ಇನ್ನೂ ಹೆಚ್ಚು. ನೀರು ತಪ್ಪಿದರೆ ಮೇವನ್ನೂ ಬಿಡುತ್ತದೆ, ಮೇವು ಬಿಟ್ಟ ಮೊಲ ಬದುಕುವುದು ಕಷ್ಟ. ಕುಡಿಯುವುದೆಲ್ಲ ಹೆಚ್ಚಾಗಿ ಸಂಜೆಗೆ, ರಾತ್ರಿಗೆ, ನಸುಕಿಗೆ, ಅಂದರೆ ನೋಡುವವರು ಮಲಗಿದ ಮೇಲೆ. ಓಣಿಯ ಹಿರಿಯರು ಮೋಸಹೋದದ್ದು ಇಲ್ಲಿಯೇ ಇರಬೇಕು.

ಅವ್ವ ಮಾತ್ರ ಮೋಸಹೋಗಲಿಲ್ಲ. ‘ಬಾಯಿ ಇದ್ದ ಜೀವಕ್ಕ ನೀರ ಬ್ಯಾಡಂದ್ರ ಹೆಂಗ?’ ಎಂದವಳೇ ಒಡೆದುಹೋದ ಹರವಿಯ ಮುಚ್ಚಳ ತಂದು, ಅಂಗಾತ ಮಾಡಿ, ಅರ್ಧ ತಂಬಿಗೆ ನೀರು ಹಾಕಿದಳು. ಮಣ್ಣಿನದು, ತೆಳ್ಳಗಿನದು, ಎರಡು ಬೆರಳಿನಷ್ಟು ಆಳ. ಪೇರಲ ಗಿಡದ ಕೆಳಗೆ ಗೂಡು, ಗೂಡಿನ ಮುಂದೆ ಜಾಳಿಗೆ ಕಟ್ಟಿದ ಬಯಲು, ಬಯಲಿನಲ್ಲಿ ಹಾಸಿದ ಕಣಿಕಿ, ಕಣಿಕಿಯ ಮೇಲೆ ಮುಚ್ಚಳ. ಬೇಸಿಗೆಯಿಡೀ ಸುಖವಾಗಿ ನಡೆಯಿತು. ಎಳ್ಳಮಾಸಿಯ ಹೊತ್ತಿಗೆ ಥಂಡಿ ಬಿತ್ತು. ಬೆಳಗ್ಗೆ ಎದ್ದು ನೋಡಿದರೆ ನೀರು ಇದ್ದಷ್ಟೂ ಇದೆ. ಬೆರಳದ್ದಿದರೆ ಜುಮ್ಮೆನ್ನುತ್ತದೆ. ಮೊಲ ಮೂಗು ತಾಗಿಸುತ್ತದೆ, ಮೀಸೆ ಕೊಡವುತ್ತದೆ, ಹಿಂದೆ ಸರಿಯುತ್ತದೆ. ಹೌದದ ನೀರು ಇಷ್ಟು ತಣ್ಣಗಿರಲಿಲ್ಲ. ಥಂಡಿ ಬಿಗಿದರೆ ಧಾರವಾಡದಲ್ಲಿ 12 ಡಿಗ್ರಿ ಇರಬಹುದು. ಮುಚ್ಚಳದೊಳಗೆ ಮಾತ್ರ ಹಿಮಾಲಯ ಹೇಗೆ ಹೊಕ್ಕಿತು?

ಇದಕ್ಕೆ ಉತ್ತರ ಸಿಗಲು ನನಗೆ ನಲವತ್ತು ವರ್ಷ ಬೇಕಾಯಿತು. ಸಿಕ್ಕಿದ್ದು ರಾಬರ್ಟ್ ಬಾರ್ಕರ್ ಎಂಬ ಕಂಪನಿ ಸರಕಾರದ ಸೇನಾಪತಿಯ ಬರಹದಲ್ಲಿ. 1775ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಆತ, ಅಲಹಾಬಾದಿನಲ್ಲಿ ಮಂಜುಗಡ್ಡೆ ಮಾಡುವ ಕ್ರಮವನ್ನು ವಿವರಿಸಿದ್ದಾನೆ. ಅಲ್ಲಿ ನೀರು ತಾನಾಗಿ ಹೆಪ್ಪುಗಟ್ಟಿದ್ದನ್ನು ಕಂಡವರು ತೀರ ವಿರಳ. ಆದರೂ ಮಾಡುತ್ತಿದ್ದರು! ತೆರೆದ ಬಯಲಿನಲ್ಲಿ 30 ಅಡಿ ಚೌಕದ, 2 ಅಡಿ ಆಳದ ಗುಂಡಿ. ತಳಕ್ಕೆ ಕಬ್ಬಿನದೋ ಗೋವಿನಜೋಳದ್ದೋ ಒಣ ದಂಟು. ದಂಟಿನ ಮೇಲೆ ಸಾಲುಸಾಲಾಗಿ ಮಣ್ಣಿನ ತಟ್ಟೆಗಳು, ಮೆರುಗು ಹಚ್ಚದವು, ಆಳ ಒಂದೂಕಾಲು ಇಂಚು. ಕತ್ತಲಾಗುವಾಗ ನೀರು ತುಂಬಿ ಬಿಟ್ಟರೆ ಮೋಡವಿಲ್ಲದ ರಾತ್ರಿಯ ಆಕಾಶ ನೀರಿನ ಕಾವನ್ನು ಎಳೆದುಕೊಳ್ಳುತ್ತಿತ್ತು, ಮಣ್ಣು ಜಿನುಗಿ ಆರಿಸುತ್ತಿತ್ತು, ದಂಟು ನೆಲದ ಬಿಸಿಯನ್ನು ತಡೆಯುತ್ತಿತ್ತು. ಸೂರ್ಯ ಹುಟ್ಟುವ ಮೊದಲೇ ಆಳುಗಳು ಬಂದು ಗಡ್ಡೆಯನ್ನು ಬುಟ್ಟಿಗೆ ತುಂಬಿ, ಹುಲ್ಲು ಕಂಬಳಿ ಹೊದಿಸಿದ ಆಳದ ಹಗೇವಿಗೆ ಸುರಿದು, ದಮ್ಮಸು ಹೊಡೆದು ಇಡುತ್ತಿದ್ದರು. ಬೇಸಿಗೆಯಲ್ಲಿ ಸಾಹೇಬರ ಶರಬತ್ತಿಗೆ.

ಓದುತ್ತ ಓದುತ್ತ ನನಗೆ ನಗು ತಡೆಯಲಾಗಲಿಲ್ಲ. ಮಣ್ಣಿನ ತಟ್ಟೆ, ಒಣ ದಂಟು, ಬಯಲು, ಚಿಕ್ಕೆ ತುಂಬಿದ ಆಕಾಶ. ಹೊಸಯಲ್ಲಾಪುರದ ಹಿತ್ತಲಲ್ಲಿ ನಾವು ಗೊತ್ತಿಲ್ಲದೆ ಐಸಿನ ಕಾರ್ಖಾನೆ ಹೂಡಿದ್ದೆವು! ಮೊಲ ಮುನಿಸಿಕೊಂಡದ್ದರಲ್ಲಿ ತಪ್ಪೇನಿತ್ತು?

ಇದಕ್ಕೆ ಅವ್ವ ಮಾಡಿದ ಉಪಾಯ ಇನ್ನೂ ಸೊಗಸು. ನಸುಕಿನಲ್ಲಿ ಬಚ್ಚಲ ಒಲೆಗೆ ಉರಿ ಹಾಕಿದಳೆಂದರೆ ಹಂಡೇವಿನ ಮೊದಲ ನೀರು ಮೊಲಕ್ಕೆ. ‘ಅಪ್ಪನ ಜಳಕ ಆಮ್ಯಾಲೆ’ ಎನ್ನುವಳು. ಕುದಿದ ನೀರಿಗೆ ತಣ್ಣೀರು ಬೆರೆಸಿ, ಮೊಣಕೈ ಅದ್ದಿ ನೋಡಿ, ಕೂಸಿಗೆ ಎರೆಯುವ ಹದಕ್ಕೆ ತಂದು ಸುರಿಯುವಳು. ಮುಚ್ಚಳದಿಂದ ಹಬೆ ಏಳುತ್ತಿತ್ತು. ಎರಡೂ ಮೊಲ ತಲೆಗೆ ತಲೆ ಹಚ್ಚಿ, ಕಿವಿ ಹಿಂದಕ್ಕೆ ಮಲಗಿಸಿ, ಸಣ್ಣ ಗುಲಾಬಿ ನಾಲಿಗೆಯಿಂದ ಲಪಲಪ ಅನ್ನುತ್ತಿದ್ದವು. ಮೀಸೆಯ ತುದಿಗೆ ಒಂದೊಂದು ಹನಿ.

ಬಾರ್ಕರನ ಬರಹದಲ್ಲಿ ಇನ್ನೊಂದು ಸಾಲಿದೆ: ತಟ್ಟೆಗೆ ಹಾಕುವ ನೀರನ್ನು ಮೊದಲು ಕುದಿಸಿ ಆರಿಸುತ್ತಿದ್ದರಂತೆ. ಕುದಿಸಿದ ನೀರು ಬೇಗ ಹೆಪ್ಪುಗಟ್ಟುತ್ತದೆಯೇ ಎಂದು ಅದೇ ವರ್ಷ ಜೋಸೆಫ್ ಬ್ಲ್ಯಾಕ್ ಎಂಬ ಸ್ಕಾಟ್ಲೆಂಡಿನ ಪಂಡಿತ ಬೇರೆ ಪ್ರಯೋಗವನ್ನೇ ಮಾಡಿ ಬರೆದ. ಅಂದರೆ ಅವ್ವ ಕುದಿದ ನೀರನ್ನೂ ಕೂಡಿಸಿ ಅಲಹಾಬಾದಿನ ಪಾಕವನ್ನು ಪೂರ್ತಿ ಮಾಡಿದ್ದಳು. ಮೊಲ ಕುಡಿದು ಖಾಲಿ ಮಾಡಿದ್ದರಿಂದ ಪಾರಾದೆವು.

ಮಗಳಿಗೆ ಇಷ್ಟೆಲ್ಲ ಹೇಳಲಿಲ್ಲ. ಅಗಲದ ಬಟ್ಟಲು ಬಿಟ್ಟು ಆಳದ್ದು ಇಡು, ಬೆಚ್ಚಗಿನ ನೀರು ಹಾಕು ಎಂದೆ. ‘ವೈರ್ ಇರೋ ಬಟ್ಟಲಾ ತರಿಸೀನ್ರಿ, ನಾಳೆ ಬರ್ತದ’ ಎಂದಳು. ಫೋನು ಮೊಮ್ಮಗಳ ಕೈಗೆ ಹೋಯಿತು.

‘ಆ ಬಟ್ಟಲದ್ದು ದುಂಡಂದು ಬಿತ್ತಲ್ಲ, ಅದನ್ನೇನ ಮಾಡಿದಿ?’ ಎಂದು ಕೇಳಿದೆ.

‘ಒಗದೆ ಅಜ್ಜಾ’ ಅಂದಳು.