ಲಾರಿಯಲ್ಲಿ ಬಾರದ ಸಾಮಾನು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ನಮ್ಮ ಹಿರಿಯರು. ಕಟ್ಟಿದ ಮನೆಯನ್ನು ಬಿಚ್ಚಿ ಬೇರೆ ಊರಿಗೆ ಒಯ್ಯುವ ಕಷ್ಟ ಅವೆರಡಕ್ಕಿಂತ ಕಡಿಮೆಯದಲ್ಲ. 2023ರ ಏಪ್ರಿಲ್‌ನಲ್ಲಿ ನಾವು ಬೆಂಗಳೂರಿನ ಐವತ್ತು ವರ್ಷಗಳ ಸಂಸಾರವನ್ನು ಒಂದು ಲಾರಿಗೆ ಏರಿಸಿ, ಸುಮಾರು 600 ಕಿಲೋಮೀಟರು ದೂರದ ನಮ್ಮ ಮೂಲ ಊರು ಜತ್ತಕ್ಕೆ ಮರಳಿದೆವು. ನಮ್ಮ ಸಮಾಜದ ಎಷ್ಟೋ ವ್ಯಾಪಾರಿ ಕುಟುಂಬಗಳು ದೂರದ ಪೇಟೆಗಳಲ್ಲಿ ನೆಲೆಸಿವೆ. "ಒಂದು ದಿನ ಊರಿಗೆ ಹೋಗಬೇಕು" ಎಂಬ ಮಾತು ಆ ಎಲ್ಲ ಮನೆಗಳಲ್ಲೂ ಕೇಳಿಬರುತ್ತದೆ. ಅಂಥ ಬಂಧುಗಳಿಗೆ ಉಪಯೋಗವಾದೀತೆಂದು ಈ ನಾಲ್ಕು ಮಾತು ಬರೆಯುತ್ತಿದ್ದೇವೆ.

ಜತ್ತ ಸಾಂಗ್ಲಿ ಜಿಲ್ಲೆಯ ಪೂರ್ವದ ತುದಿಯಲ್ಲಿರುವ ತಾಲೂಕು. ಡಫಳೆ ಮನೆತನದ ಚಿಕ್ಕ ಸಂಸ್ಥಾನವಾಗಿದ್ದದ್ದು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರಲ್ಲಿ ರಾಜ್ಯಗಳು ಹೊಸದಾಗಿ ರಚನೆಯಾದಾಗಲೂ ಮುಂಬಯಿ ರಾಜ್ಯದಲ್ಲೇ ಉಳಿದು, 1960ರಲ್ಲಿ ಮಹಾರಾಷ್ಟ್ರಕ್ಕೆ ಸೇರಿತು. ಹೀಗಾಗಿ ನಮ್ಮಲ್ಲಿ ಮನೆಯ ಮಾತು ಕನ್ನಡ, ಕಚೇರಿಯ ಮಾತು ಮರಾಠಿ. ಜಿಲ್ಲಾ ಕೇಂದ್ರವಾದ ಸಾಂಗ್ಲಿಗಿಂತ ಗಡಿಯಾಚೆಯ ವಿಜಯಪುರವೇ ಹತ್ತಿರ. ಇದೆಲ್ಲಕ್ಕಿಂತ ದೊಡ್ಡ ಸಂಗತಿಯೆಂದರೆ ಇದು ಮಳೆಯ ನೆರಳಿನ ನೆಲ. ಇಲ್ಲಿ ನೀರಿನ ಮಾತು ಮೊದಲು, ಉಳಿದ ಮಾತು ನಂತರ.

ನಮ್ಮ ತಂದೆಯವರಿಗೆ ಜತ್ತದಲ್ಲಿ ಒಂದು ಸಣ್ಣ ಕಾಳುಕಡಿ ಅಂಗಡಿ ಇತ್ತು. 1972ರ ಬರಗಾಲ ಬಂದಾಗ ನಾವು ಎಂಟು ವರ್ಷದವರು. ರೈತರು ಸರ್ಕಾರದ ಬರಗಾಲದ ಕಾಮಗಾರಿಯಲ್ಲಿ ಕಲ್ಲು ಒಡೆಯಲು ಹೋಗುತ್ತಿದ್ದುದೂ, ಹೊರದೇಶದಿಂದ ಬಂದ ಕೆಂಪು ಮಿಲೋ ಜೋಳಕ್ಕೆ ಸಾಲು ನಿಲ್ಲುತ್ತಿದ್ದುದೂ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಕೊಳ್ಳುವವರೇ ಇಲ್ಲದ ಮೇಲೆ ಅಂಗಡಿ ಎಲ್ಲಿಯದು? 1973ರ ಆರಂಭದಲ್ಲಿ ತಂದೆಯವರು ಬೀಗ ಹಾಕಿ ಬೆಂಗಳೂರಿನ ದಾರಿ ಹಿಡಿದರು. ಮೊದಲು ಪರರ ಅಂಗಡಿಯಲ್ಲಿ ಗುಮಾಸ್ತಿಕೆ, ಆಮೇಲೆ ಸ್ವಂತ ಕಿರಾಣಿ, ಅದರಿಂದಲೇ ನಮ್ಮೆಲ್ಲರ ಓದು, ಮದುವೆ, ಮನೆ. ಅವರು ತೀರಿಕೊಂಡ ಮೇಲೂ ಅಂಗಡಿ ನಡೆದಿತ್ತು.

ಮರಳುವ ಮಾತು ತೆಗೆದವರು 82 ವರ್ಷದ ನಮ್ಮ ತಾಯಿ. "ಕಡೀ ದಿನಾ ನಮ್ಮ ಬಸ್ತಿ ನೆರಳಾಗ ಕಳೀಲಿ" ಎಂದರು. ಮಗನಿಗೂ ಮನಸ್ಸಿತ್ತು. ಜತ್ತ ಭಾಗದಲ್ಲಿ ದಾಳಿಂಬೆ, ದ್ರಾಕ್ಷಿ ತೋಟಗಳಾಗಿವೆ, ಹನಿ ನೀರಾವರಿಯ ಪೈಪಿನ ವ್ಯಾಪಾರ ನಡೆದೀತು ಎಂಬುದು ಅವನ ಲೆಕ್ಕ. ಒಪ್ಪದವರು ನಮ್ಮ ಮನೆಯವರು. 2022ರ ಕೊನೆಯಲ್ಲಿ ಜತ್ತ ತಾಲೂಕಿನ ಗಡಿಹಳ್ಳಿಗಳ ಜನ ನೀರಿಗಾಗಿ ಕರ್ನಾಟಕಕ್ಕೆ ಸೇರುತ್ತೇವೆಂದು ದನಿ ಎತ್ತಿದ ಸುದ್ದಿ ಎಲ್ಲ ಪತ್ರಿಕೆಗಳಲ್ಲೂ ಬಂದಿತ್ತು. "ಅಲ್ಲಿಯವರೇ ನೀರಿಲ್ಲಂತ ಅಳತಾರ, ನಾವು ನಳ ಬಿಟ್ಟು ಟ್ಯಾಂಕರಿಗೆ ಹೋಗೂದೇನು?" ಎಂಬ ಅವರ ಪ್ರಶ್ನೆ ಸುಳ್ಳಾಗಿರಲಿಲ್ಲ.

ನಮ್ಮ ಅಂಜಿಕೆ ಬೇರೆಯದು. ವ್ಯಾಪಾರಿಗೆ ಬಂಡವಾಳಕ್ಕಿಂತ ದೊಡ್ಡದು ಪತ. ಬೆಂಗಳೂರಿನಲ್ಲಿ ನಮ್ಮ ಒಂದು ಮಾತಿಗೆ ಲಕ್ಷಗಟ್ಟಲೆ ಮಾಲು ಬರುತ್ತಿತ್ತು. ಅದು ಐವತ್ತು ವರ್ಷದ ಗಳಿಕೆ. ಗೋದ್ರೇಜ್ ಕಪಾಟನ್ನು ಲಾರಿಗೆ ಏರಿಸಬಹುದು, ಪತವನ್ನು ಏರಿಸುವುದು ಹೇಗೆ? ಜತ್ತದ ಪೇಟೆಯಲ್ಲಿ ನಮ್ಮನ್ನು ಗುರುತಿಸುವವರು ಯಾರು? ಅರವತ್ತರ ಹೊಸ್ತಿಲಲ್ಲಿ ಎಲ್ಲವನ್ನೂ ಒಂದನೆಯ ಪುಟದಿಂದ ಬರೆಯಬೇಕಲ್ಲ ಎಂಬ ಚಿಂತೆಯಲ್ಲಿ ಎಷ್ಟೋ ರಾತ್ರಿ ನಿದ್ದೆ ಬರಲಿಲ್ಲ. ಕಡೆಗೆ ತಾಯಿಯ ವಯಸ್ಸೇ ತೀರ್ಮಾನ ಮಾಡಿತು.

ಮನೆ ಬಿಚ್ಚುವಾಗ ಪರಿಗ್ರಹ ಎಂದರೇನೆಂದು ಚೆನ್ನಾಗಿ ತಿಳಿಯುತ್ತದೆ. ಪರಿಗ್ರಹ ಪರಿಮಾಣ ವ್ರತದ ಬಗ್ಗೆ ಪ್ರವಚನದಲ್ಲಿ ಕೇಳುವುದು ಒಂದು, ಅಟ್ಟದಿಂದ ಹದಿನೆಂಟು ಸ್ಟೀಲ್ ಡಬ್ಬಿ, ಮೂರು ಮುರಿದ ಮಿಕ್ಸರು, ನಾಲ್ಕು ಮದುವೆಗಳ ಉಡುಗೊರೆ ಗಡಿಯಾರಗಳನ್ನು ಇಳಿಸುವುದು ಇನ್ನೊಂದು. ಎರಡು ವರ್ಷದಿಂದ ಕೈ ಮುಟ್ಟದ ವಸ್ತು ಬೇಡ ಎಂದು ನಿಯಮ ಮಾಡಿ, ಅರ್ಧದಷ್ಟನ್ನು ಬೇಕಾದವರಿಗೆ ಕೊಟ್ಟೆವು.

ಮಾರ್ಚ್ 31ಕ್ಕೆ ಲೆಕ್ಕ ಮುಗಿಸಿ, ಕೊಡಬೇಕಾದ ಬಾಕಿಯನ್ನೆಲ್ಲ ಕೊಟ್ಟು, ರಸೀದಿ ಪಡೆದೆವು. ಉದ್ರಿ ಇದ್ದ ಗಿರಾಕಿಗಳಲ್ಲಿ ಅನೇಕರು ಸುದ್ದಿ ಕೇಳಿ ತಾವಾಗಿಯೇ ಬಂದು ತೀರಿಸಿದರು. ಬಾರದವರ ಪಟ್ಟಿ ಹಿಡಿದು ಕೂತಾಗ ತಾಯಿ, "ಅವರ ಹೊರಿ ನೀ ಯಾಕ ಹೊತಗೊಂಡು ಹೋಗತಿ? ಇಲ್ಲೇ ಇಳಸು" ಎಂದರು. ಆ ಪುಟಗಳಿಗೆ ಗೀಟು ಎಳೆದೆವು.

ವ್ಯಾಪಾರಿ ಬಂಧುಗಳು ಗಮನಿಸಬೇಕಾದ ಕೆಲವು ಸಂಗತಿಗಳಿವೆ. ಬಳಸಿದ ಮನೆ ಸಾಮಾನಿಗೆ ಇ-ವೇ ಬಿಲ್ ಬೇಕಿಲ್ಲ. ಆದರೂ ಸಾಮಾನಿನ ಪಟ್ಟಿ ಬರೆದು ಸಹಿ ಮಾಡಿ ಚಾಲಕನ ಕೈಗೆ ಕೊಡುವುದು ಒಳ್ಳೆಯದು. ಅಂಗಡಿಯ ಮಾಲನ್ನು ಮಾತ್ರ ಮನೆ ಸಾಮಾನಿನ ಜೊತೆ ಬೆರೆಸಬಾರದು. ಜಿ.ಎಸ್.ಟಿ. ನೋಂದಣಿ ಆಯಾ ರಾಜ್ಯದ್ದು. ಕರ್ನಾಟಕದ ಸಂಖ್ಯೆ 29ರಿಂದ, ಮಹಾರಾಷ್ಟ್ರದ್ದು 27ರಿಂದ ಶುರುವಾಗುತ್ತದೆ. ಹಳೆಯದನ್ನು ರದ್ದು ಮಾಡಿಸಿ ಅಲ್ಲಿ ಹೊಸದಾಗಿ ಪಡೆಯಬೇಕು. ಕಾರಿಗೆ ಆರ್.ಟಿ.ಓ. ಕಚೇರಿಯ ನಿರಾಕ್ಷೇಪಣಾ ಪತ್ರ, ಮಕ್ಕಳಿಗೆ ಶಾಲೆಯ ವರ್ಗಾವಣೆ ಪತ್ರ, ಇವೆರಡನ್ನೂ ಹೊರಡುವ ಮೊದಲೇ ತೆಗೆದುಕೊಳ್ಳಬೇಕು.

ಏಪ್ರಿಲ್ 22ರ ಅಕ್ಷಯ ತೃತೀಯಕ್ಕೆ ಮನೆ ಹೊಕ್ಕುವುದೆಂದು ನಿಶ್ಚಯಿಸಿ, 19ರ ಬೆಳಗಿನ ಜಾವ ಹೊರಟೆವು. ಮುಂದೆ ಲಾರಿ, ಹಿಂದೆ ನಮ್ಮ ಕಾರು. ತುಮಕೂರು, ಚಿತ್ರದುರ್ಗ, ಕೂಡ್ಲಿಗಿ, ಹೊಸಪೇಟೆ ದಾಟಿ ಕುಷ್ಟಗಿ ತನಕ ಪ್ರಯಾಣ ಸುಗಮವಾಗಿತ್ತು. ಸೂರ್ಯ ಮುಳುಗುವ ಮೊದಲು ವಿಜಯಪುರದ ಬೀಗರ ಮನೆಯಲ್ಲಿ ಊಟ ಎಂದು ಯೋಜನೆ. ತಾಯಿಯವರಿಗೆ ರಾತ್ರಿ ಅನ್ನ, ನೀರು ಎರಡೂ ವರ್ಜ್ಯ; ಹಗಲಲ್ಲೂ ಬಟ್ಟೆಯಲ್ಲಿ ಗಾಳಿಸಿದ ನೀರೇ ಆಗಬೇಕು, ಅಂಗಡಿಯ ಬಾಟಲಿ ನೀರು ಮುಟ್ಟುವುದಿಲ್ಲ.

ಕುಷ್ಟಗಿ ದಾಟಿ ಇಳಕಲ್ಲಿನ ಕಡೆ ಹೋಗುವಾಗ ಲಾರಿಯ ಟಾಯರು ಒಡೆಯಿತು. ಇಟ್ಟುಕೊಂಡಿದ್ದ ಹೆಚ್ಚಿನ ಟಾಯರಿನಲ್ಲೂ ಗಾಳಿ ನಿಲ್ಲಲಿಲ್ಲ. ಕ್ಲೀನರ್ ಹುಡುಗ ಇನ್ನೊಂದು ಗಾಡಿ ಹತ್ತಿ ಇಳಕಲ್ಲಿಗೆ ಹೋದ. ಬಿಸಿಲಿನ ಝಳಕ್ಕೆ ಮೊಮ್ಮಕ್ಕಳು ಅಜ್ಜಿಯ ತಂಬಿಗೆಯ ನೀರನ್ನೂ ಕುಡಿದು ಮುಗಿಸಿದ್ದರು. "ನೀವು ಕಾರಿನಾಗ ಮುಂದ ಹೋಗ್ರಿ" ಎಂದು ಚಾಲಕ ಎಷ್ಟು ಹೇಳಿದರೂ ತಾಯಿ ಒಪ್ಪಲಿಲ್ಲ. "ನಮ್ಮ ಸಾಮಾನಿನ ಸಲುವಾಗಿ ಅವ ಬಿಸಲಾಗ ಕುಂತಾನ, ಅವನ್ನ ಬಿಟ್ಟು ಹ್ಯಾಂಗ ಹೋಗೂದು?" ಎಂದರು. ಆಗ ರಂಜಾನ್ ತಿಂಗಳು, ಚಾಲಕನಿಗೆ ಉಪವಾಸ. ಅವನಿಗೆ ಸೂರ್ಯ ಮುಳುಗದೆ ತಿನ್ನುವಂತಿಲ್ಲ, ಇವರಿಗೆ ಮುಳುಗಿದ ಮೇಲೆ ತಿನ್ನುವಂತಿಲ್ಲ. ಬೇವಿನ ಮರದ ಕೆಳಗೆ ಇಬ್ಬರೂ ಪಡುವಣ ನೋಡುತ್ತ ಕೂತಿದ್ದರು. ನೀರಿಲ್ಲದೆ ಖಡಕ್ ರೊಟ್ಟಿ ಗಂಟಲಿಗೆ ಇಳಿಯದೆಂದು ತಾಯಿ ಬುತ್ತಿ ಬಿಚ್ಚಿರಲಿಲ್ಲ. ಹೊತ್ತು ಮುಳುಗಿತು. ರೊಟ್ಟಿ, ಶೇಂಗಾ ಚಟ್ನಿಯ ಗಂಟನ್ನು ಚಾಲಕನ ಮುಂದಿಟ್ಟು, "ನನ್ನ ಹೊತ್ತು ಮುಗೀತು, ನಿಂದು ಬಂತು, ತಿನ್ನಪಾ" ಎಂದರು. ಅವನು ಕಣ್ಣಿಗೆ ಒತ್ತಿಕೊಂಡು ತಿಂದ. ಒಂಬತ್ತು ವರ್ಷದ ಮೊಮ್ಮಗಳು ಇದನ್ನೆಲ್ಲ ನೋಡುತ್ತಿದ್ದಳು. ಆ ರಾತ್ರಿ ವಿಜಯಪುರದಲ್ಲಿ ತಟ್ಟೆ ಹಾಕಿದಾಗ ತನಗೂ ಬೇಡ ಎಂದಳು. ಯಾರೂ ಅವಳಿಗೆ ಹೇಳಿರಲಿಲ್ಲ.

ಮರುದಿನ ಬೆಳಿಗ್ಗೆ ವಿಜಯಪುರದ ಸಹಸ್ರಫಣಿ ಪಾರ್ಶ್ವನಾಥ ಬಸದಿಯಲ್ಲಿ ದರ್ಶನ ಮಾಡಿ, ತಾಯಿಯವರು ನೀರು ಕುಡಿದ ಮೇಲೆ ತಿಕೋಟಾ ಮಾರ್ಗವಾಗಿ ಹೊರಟು ಮಧ್ಯಾಹ್ನದೊಳಗೆ ಜತ್ತ ಮುಟ್ಟಿದೆವು.

ಅಕ್ಷಯ ತೃತೀಯದ ದಿನ ಹಾಲು ಉಕ್ಕಿಸಿ ಮುಗಿದಿತ್ತು. ಪೇಟೆಯ ಹಿರಿಯ ಅಡತಿ ವ್ಯಾಪಾರಿಯೊಬ್ಬರು ಕೋಲೂರಿಕೊಂಡು ಬಂದು, ಯಾರ ಮಗ ಎಂದು ವಿಚಾರಿಸಿದರು. ತಂದೆಯವರ ಹೆಸರು ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬರಗಾಲದಾಗ ಎಷ್ಟೋ ಮಂದಿ ರಾತ್ರೋರಾತ್ರಿ ಊರ ಬಿಟ್ರು, ಅವರನ್ನ ತಪ್ಪಂತ ಅನ್ನಾಂಗಿಲ್ಲ. ನಿಮ್ಮಪ್ಪ ಮಾತ್ರ ಹಾಡಹಗಲ ಪೇಟಿಯೊಳಗ ಅಡ್ಡಾಡಿ ಒಬ್ಬೊಬ್ಬರ ಬಾಕಿ ಕೊಟ್ಟು ಹ್ವಾದ. ಆಗ ನಾ ನಮ್ಮಪ್ಪನ ಗಾದಿ ಬಾಜೂಕ ಕುಂತಿದ್ದೆ" ಎಂದರು. ಮಗನ ಅಂಗಡಿಗೆ ಅವರ ಮಳಿಗೆಯೇ ಸಿಕ್ಕಿತು, ಪಗಡಿ ಕೇಳಲಿಲ್ಲ.

ಬರಗಾಲದಲ್ಲಿ ಬಾಕಿ ಕೊಡಲು ಹಣ ಎಲ್ಲಿಂದ ಬಂತು? ಅವರು ಹೋದ ಮೇಲೆ ತಾಯಿಯನ್ನು ಕೇಳಿದೆವು. "ನನ್ನ ಪಾಟ್ಲಿ ಇದ್ವಲ್ಲ" ಎಂದಷ್ಟೇ ಹೇಳಿ ಅಕ್ಕಿ ಆರಿಸತೊಡಗಿದರು. ತಾಯಿಯ ಕೈಯಲ್ಲಿ ಯಾವಾಗಲೂ ಗಾಜಿನ ಬಳೆಗಳನ್ನಷ್ಟೇ ನೋಡಿದ್ದೆವು. ಐವತ್ತು ವರ್ಷ ಇದು ಮನೆಯಲ್ಲಿ ಒಮ್ಮೆಯೂ ಮಾತಾಗಿರಲಿಲ್ಲ.

ಇಲ್ಲಿ ಎಲ್ಲವೂ ಸುಖವೆಂದು ಹೇಳಲಾರೆವು. ಆ ವರ್ಷದ ಮುಂಗಾರು ಕೈಕೊಟ್ಟು, ನಮ್ಮ ಮನೆಯವರು ಅಂಜಿದಂತೆ ಟ್ಯಾಂಕರ್ ನೀರನ್ನೇ ಕಾಯಬೇಕಾಯಿತು. ಮ್ಹೈಸಾಳ ಏತ ನೀರಾವರಿಯ ನೀರು ತಾಲೂಕಿನ ಕೆಲ ಭಾಗಕ್ಕೆ ಬಂದಿದ್ದರೂ ಎಲ್ಲ ಊರುಗಳಿಗೆ ಮುಟ್ಟಿರಲಿಲ್ಲ. ಕೊಡ ಲೆಕ್ಕ ಹಾಕಿ ಬಳಸುವುದನ್ನು ಈಗ ಮಕ್ಕಳೂ ಕಲಿತಿದ್ದಾರೆ. ತಾಲೂಕಿನಲ್ಲಿ ಕನ್ನಡ ಶಾಲೆಗಳಿವೆ. ಜೊತೆಗೆ ಮರಾಠಿಯನ್ನೂ ಮಕ್ಕಳು ಕಲಿಯಬೇಕು, ಕಲಿಯುತ್ತಿದ್ದಾರೆ. ಎರಡು ಭಾಷೆ ಬಲ್ಲ ವ್ಯಾಪಾರಿಗೆ ಗಡಿಯಲ್ಲಿ ಲಾಭವೇ ಹೊರತು ನಷ್ಟವಿಲ್ಲ.

ಊರಿಗೆ ಮರಳಬೇಕೆಂದಿರುವ ಬಂಧುಗಳಿಗೆ ನಮ್ಮ ಅರಿಕೆ ಇಷ್ಟೇ. ಸಾಮಾನು ಕಡಿಮೆ ಮಾಡಿ, ನೀರಿನ ವಿಚಾರ ಮೊದಲೇ ಮಾಡಿ. ಇರುವ ಊರಿನಲ್ಲಿ ಒಂದು ರೂಪಾಯಿಯ ಬಾಕಿಯನ್ನೂ ಉಳಿಸಿ ಹೊರಡಬೇಡಿ. ಈಗ ತೀರಿಸಿದ ಬಾಕಿ ಮುಂದೆ ಯಾವ ಮಗನಿಗೆ, ಯಾವ ಮೊಮ್ಮಗನಿಗೆ ಬಾಗಿಲು ತೆರೆಯುತ್ತದೋ ಹೇಳಲಾಗದು. ನಿಮ್ಮ ಪ್ರಯಾಣ ಸುಖಕರವಾಗಲಿ. ಜಯ ಜಿನೇಂದ್ರ.